ಕ್ಯಾಶಿಯರ್ ಮಾತನ್ನೂ ಕೇಳಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಸಂಜೆಯ ಹೊತ್ತು, ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್ ಮುಂದೆ ಉದ್ದನೆಯ ಸಾಲು. ಒಬ್ಬಾತ ನಲವತ್ತು ರೂಪಾಯಿಯ ಸೋಪನ್ನು ತೋರಿಸಿ, ಸರಿಯಾದ ಚಿಲ್ಲರೆ ಇಟ್ಟು, ಫೋನಿನಲ್ಲಿ ಮಾತಾಡುತ್ತಲೇ ‘ಬಿಲ್ ಬೇಡಮ್ಮ’ ಎಂದು ಹೊರಟುಬಿಡುತ್ತಾನೆ. ಆತ ಗ್ರಾಹಕನ ವೇಷದಲ್ಲಿ ಬಂದ ತಪಾಸಣೆಗಾರ. ಸಾಲಿನಲ್ಲಿ ಹಿಂದೆ ನಿಂತ ಅವನ ಜೊತೆಗಾರ, ದುಡ್ಡು ಡ್ರಾಯರ್‌ಗೆ ಬಿತ್ತೇ, ಸೋಪು ಸ್ಕ್ಯಾನ್ ಆಯಿತೇ ಎಂದು ನೋಡುತ್ತಿರುತ್ತಾನೆ. ಇಬ್ಬರ ವರದಿಯೂ ಹೆಡ್ ಆಫೀಸಿಗೆ ಹೋಗುತ್ತದೆ. ಆ ವರದಿ ಕ್ಯಾಶಿಯರ್ ಕೈಗೂ ಬರಬೇಕು, ಅದಕ್ಕೆ ಉತ್ತರ ಹೇಳುವ ಅವಕಾಶ ಆಕೆಗೆ ಸಿಗಬೇಕು ಎಂಬುದು ಈ ಪತ್ರದ ಬೇಡಿಕೆ.

ಮಾಲೀಕರ ಆತಂಕ ಸುಳ್ಳಲ್ಲ. ಪರಿಚಯದವರ ಸಾಮಾನನ್ನು ಸ್ಕ್ಯಾನ್ ಮಾಡದೆ ದಾಟಿಸುವುದು, ಗ್ರಾಹಕ ಹೋದ ಮೇಲೆ ಬಿಲ್ ಕ್ಯಾನ್ಸಲ್ ಮಾಡಿ ದುಡ್ಡು ತೆಗೆದುಕೊಳ್ಳುವುದು, ಇವೆಲ್ಲ ನಡೆಯುವಂಥವೇ. ಅಮೆರಿಕದ ಡೇಟನ್ ಊರಿನ ಮದ್ಯದಂಗಡಿ ಮಾಲೀಕ ಜೇಮ್ಸ್ ರಿಟ್ಟಿ ಇಂಥ ಕಳ್ಳತನಕ್ಕೆ ಬೇಸತ್ತೇ 1879ರಲ್ಲಿ ಕ್ಯಾಶ್ ರಿಜಿಸ್ಟರ್‌ಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ, ಟಿಕೆಟ್ ದುಡ್ಡು ಹೊಡೆಯುವ ಕಂಡಕ್ಟರ್‌ಗಳನ್ನು ಹಿಡಿಯಲು ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯವರು ಪ್ರಯಾಣಿಕರಂತೆ ರೈಲು ಹತ್ತುತ್ತಿದ್ದರು. ವೇಷ ಮರೆಸಿ ಪರೀಕ್ಷಿಸುವ ಪದ್ಧತಿಗೆ ಒಂದೂವರೆ ಶತಮಾನದ ಇತಿಹಾಸವಿದೆ.

ಪ್ರಶ್ನೆ ಇರುವುದು ಪರೀಕ್ಷೆ ಮುಗಿದ ಮೇಲೆ ಏನಾಗುತ್ತದೆ ಎಂಬಲ್ಲಿ.

ಅದೇ ಸೋಪಿನ ವಿಷಯ ನೋಡಿ. ಕಂಪ್ಯೂಟರ್ ಹ್ಯಾಂಗ್ ಆಗಿ, ಮುಂದಿನ ಗ್ರಾಹಕರು ಅವಸರಪಡಿಸಿ, ಕ್ಯಾಶಿಯರ್ ಆ ನಲವತ್ತು ರೂಪಾಯಿಯನ್ನು ಹತ್ತು ನಿಮಿಷದ ಮೇಲೆ ಬಿಲ್ ಮಾಡಿರಬಹುದು. ತಪಾಸಣೆಗಾರನ ಚೀಟಿಯಲ್ಲಿ ಮಾತ್ರ ‘ಬಿಲ್ ಆಗಲಿಲ್ಲ’ ಎಂದೇ ಇರುತ್ತದೆ. ಬಿಲ್ ಮಾಡುವುದನ್ನೇ ಮರೆತಿದ್ದರೆ ರಾತ್ರಿ ಕ್ಯಾಶ್ ಟ್ಯಾಲಿ ಮಾಡುವಾಗ ಡ್ರಾಯರ್‌ನಲ್ಲಿ ನಲವತ್ತು ರೂಪಾಯಿ ಹೆಚ್ಚಿಗೆ ಸಿಗಬೇಕು. ಅದು ಅಜಾಗರೂಕತೆ, ಕಳ್ಳತನವಲ್ಲ. ಕಂಪ್ಯೂಟರಿನಲ್ಲಿ ದಾಖಲಾದ ಪ್ರತಿ ಬಿಲ್ಲಿನ ಸಮಯ, ಆ ರಾತ್ರಿಯ ಟ್ಯಾಲಿ ಶೀಟು, ಕೌಂಟರ್ ಮೇಲಿನ ಕ್ಯಾಮೆರಾದ ದೃಶ್ಯ, ಈ ಮೂರನ್ನೂ ಎದುರಿಗಿಟ್ಟರೆ ನಿಜ ಬಹುಮಟ್ಟಿಗೆ ತಿಳಿಯುತ್ತದೆ. ಮೂರೂ ಮಾಲೀಕರ ವಶದಲ್ಲಿರುತ್ತವೆ. ಆರೋಪ ಹೊತ್ತವಳ ಬಳಿ ಅವಳ ಮಾತಿನ ಹೊರತು ಬೇರೇನೂ ಇರುವುದಿಲ್ಲ.

ಗುಟ್ಟಿನ ನಿಗಾ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಜರ್ಮನಿ ಕಂಡಿದೆ. ಲಿಡ್ಲ್ ಸೂಪರ್ ಮಾರ್ಕೆಟ್ ಬಾಡಿಗೆ ಪತ್ತೇದಾರರಿಂದ ನೌಕರರ ಮೇಲೆ ಕಣ್ಣಿಡಿಸಿತ್ತು ಎಂಬುದನ್ನು 2008ರಲ್ಲಿ ‘ಸ್ಟರ್ನ್’ ಪತ್ರಿಕೆ ಬಯಲಿಗೆಳೆಯಿತು. ಯಾರು ಎಷ್ಟು ಸಲ ಶೌಚಾಲಯಕ್ಕೆ ಹೋದರು ಎಂಬುದೂ ಆ ಟಿಪ್ಪಣಿಗಳಲ್ಲಿತ್ತು. ಕಂಪನಿ ಸುಮಾರು 15 ಲಕ್ಷ ಯೂರೋ ದಂಡ ತೆರಬೇಕಾಯಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಮೂವತ್ತು ವರ್ಷ ದುಡಿದಿದ್ದ ಕ್ಯಾಶಿಯರ್ ಒಬ್ಬಾಕೆಯನ್ನು, ಗ್ರಾಹಕರು ಬಿಟ್ಟುಹೋದ ಖಾಲಿ ಬಾಟಲಿ ಮರಳಿಸಿದ್ದಕ್ಕೆ ಸಿಗುವ 1.30 ಯೂರೋ ಮೌಲ್ಯದ ಚೀಟಿಗಳನ್ನು ಬಳಸಿಕೊಂಡಳೆಂದು ಕೆಲಸದಿಂದ ತೆಗೆದರು. 2010ರಲ್ಲಿ ಅಲ್ಲಿನ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಆ ವಜಾವನ್ನು ರದ್ದು ಮಾಡಿತು. ಅಷ್ಟು ವರ್ಷ ಗಳಿಸಿದ ನಂಬಿಕೆ ಇಷ್ಟು ಸಣ್ಣ ತಪ್ಪಿಗೆ ಪೂರ್ತಿ ಅಳಿಸಿಹೋಗದು ಎಂಬುದು ಅದರ ನಿಲುವು.

ನ್ಯಾಯಾಲಯಗಳು ಸದಾ ನೌಕರರ ಪರವೇ ನಿಂತಿಲ್ಲ. ಸ್ಪೇನಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಕ್ಯಾಶಿಯರ್‌ಗಳಿಗೆ ತಿಳಿಯದಂತೆ ಕ್ಯಾಮೆರಾ ಇಟ್ಟಿದ್ದನ್ನು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ಒಪ್ಪಿತು. ದೊಡ್ಡ ನಷ್ಟದ ಗಟ್ಟಿ ಅನುಮಾನವಿತ್ತು, ನಿಗಾ ನಡೆದದ್ದು ಹತ್ತೇ ದಿನ, ಕ್ಯಾಮೆರಾಗಳು ಕೌಂಟರ್‌ಗಳ ಕಡೆಗೆ ಮಾತ್ರ ಇದ್ದವು, ದೃಶ್ಯ ನೋಡಿದವರೂ ಕೆಲವೇ ಮಂದಿ. ಮಿತಿಯೊಳಗಿದ್ದರೆ ಗುಟ್ಟಿನ ತಪಾಸಣೆಯೂ ನ್ಯಾಯಬದ್ಧವಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ನಮ್ಮಲ್ಲಿಯೂ ಕಾನೂನಿನ ಆಸರೆ ಇದೆ. ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ, ದುರ್ನಡತೆಯ ಆರೋಪದ ಮೇಲೆ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಾಗಿರಬೇಕು ಎನ್ನುತ್ತದೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ನಷ್ಟದ ಹೆಸರಿನಲ್ಲಿ ಸಂಬಳ ಹಿಡಿಯುವ ಮುನ್ನ ನೌಕರರಿಗೆ ಕಾರಣ ಹೇಳಲು ಅವಕಾಶ ಕೊಡಬೇಕೆಂಬ 1936ರ ವೇತನ ಪಾವತಿ ಕಾಯ್ದೆಯ ನಿಯಮವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಆದರೆ ವೇಷ ಮರೆಸಿ ಬರುವ ತಪಾಸಣೆಗಾರರ ಮೇಲೆ ಹಿಡಿತವಿಲ್ಲ. ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಖಾಸಗಿ ಪತ್ತೇದಾರಿ ಸಂಸ್ಥೆಗಳಿಗೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ.

ಆದ್ದರಿಂದ ತಮ್ಮ ಇಲಾಖೆ ಅಂಗಡಿ ಮಾಲೀಕರಿಗೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಇಂಥ ತಪಾಸಣೆ ನಡೆಯಬಹುದು ಎಂಬುದನ್ನು ಕೆಲಸಕ್ಕೆ ಸೇರುವಾಗಲೇ ಕನ್ನಡದಲ್ಲಿ ಬರೆದು ತಿಳಿಸಬೇಕು. ಒಂದೇ ಒಂದು ವರದಿಯನ್ನು ನಂಬಿ ಯಾರನ್ನೂ ತೆಗೆಯಕೂಡದು. ವರದಿ, ಬಿಲ್ಲಿನ ದಾಖಲೆ, ಟ್ಯಾಲಿ ಶೀಟಿನ ಪ್ರತಿಗಳನ್ನು ಆರೋಪಿತರಿಗೆ ಕೊಟ್ಟು ಲಿಖಿತ ಉತ್ತರ ಪಡೆಯಬೇಕು. ಮುಚ್ಚಿದ ಕೋಣೆಯಲ್ಲಿ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುವುದನ್ನು ನಿಷೇಧಿಸಬೇಕು.

ದಸರಾ, ದೀಪಾವಳಿಯ ಮಾರಾಟಕ್ಕೆಂದು ಎರಡು ಮೂರು ತಿಂಗಳ ಮಟ್ಟಿಗೆ ಸೇರುವ ಹುಡುಗ ಹುಡುಗಿಯರಿಗೆ ಆರು ತಿಂಗಳ ಸೇವೆಯ ಆ ರಕ್ಷಣೆ ಸಿಗುವುದಿಲ್ಲ. ಸುತ್ತೋಲೆ ಅವರನ್ನೂ ಹೆಸರಿಸಿ ಒಳಗೊಳ್ಳಲಿ, ಹಬ್ಬದ ನೇಮಕಾತಿ ಶುರುವಾಗುವ ಮುನ್ನವೇ ಹೊರಬರಲಿ ಎಂದು ವಿನಂತಿ.

ಗೌರವಪೂರ್ವಕವಾಗಿ,
ಅಂಗಡಿ ನೌಕರರ ಹಿತ ಬಯಸುವ ಪತ್ರಕರ್ತ