ಬಲೆಗೆ ತೇಲು ಉಂಟು, ಬಲೆ ಬಿಡುವವನಿಗೆ?

ಬಿಸಿಲು ಇಳಿಯುವ ಹೊತ್ತಿಗೆ ತುಂಗಭದ್ರಾ ಹಿನ್ನೀರಿನ ದಡದಿಂದ ಹರಿಗೋಲುಗಳು ಒಂದೊಂದಾಗಿ ನೀರಿಗಿಳಿಯುತ್ತವೆ. ಬಿದಿರಿನ ಹೆಣಿಗೆ, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ, ಮೇಲೆ ಬಳಿದ ಡಾಂಬರು. ಈಚೆಗೆ ಅಲ್ಲಲ್ಲಿ ಫೈಬರ್‌ನವೂ ಬಂದಿವೆ. ಒಬ್ಬ ಹುಟ್ಟು ಹಾಕುತ್ತಾನೆ. ಇನ್ನೊಬ್ಬ ಕಾಲ ಬಳಿ ಮಡಚಿಟ್ಟ ಬಲೆಯನ್ನು ಸಿಕ್ಕಾಗದಂತೆ ಬಿಡಿಸುತ್ತ ನೀರಿಗೆ ಬಿಡುತ್ತ ಹೋಗುತ್ತಾನೆ. ಬಲೆಯ ಮೇಲಂಚಿನುದ್ದಕ್ಕೂ ಥರ್ಮಾಕೋಲ್ ತುಂಡುಗಳು, ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿಗಳು. ಬಲೆ ಮುಳುಗಿಹೋಗಬಾರದೆಂದು ಇಷ್ಟು ಮುತುವರ್ಜಿ. ಬಲೆ ಬಿಡುವ ಇಬ್ಬರ ಮೈಮೇಲೆ ಮಾತ್ರ ತೇಲುವಂಥದ್ದು ಒಂದೂ ಇರುವುದಿಲ್ಲ.

ಕಬಿನಿಗೆ ಹೋದರೂ, ಲಿಂಗನಮಕ್ಕಿಗೆ ಹೋದರೂ, ಊರ ಮುಂದಿನ ಕೆರೆಗೆ ಹೋದರೂ ಕಾಣುವುದು ಹೆಚ್ಚೂಕಡಿಮೆ ಇದೇ. ಕಡಲಿಗೆ ಹೋಗುವವರಿಗೆ ಕಡಲೆಂದರೆ ಭಯಭಕ್ತಿ ಇದೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ, ಗಾಳಿ ಎದ್ದರೆ ಹವಾಮಾನ ಇಲಾಖೆಯ ಎಚ್ಚರಿಕೆ ಬರುತ್ತದೆ. ಕೆರೆಯ ವಿಷಯದಲ್ಲಿ ಇರುವುದು ಸಲಿಗೆ. ಹುಟ್ಟಿದಾಗಿನಿಂದ ನೋಡಿದ ನೀರು, ಅಪ್ಪ ಬಲೆ ಬಿಟ್ಟ ಜಾಗ, ಕಣ್ಣು ಕಟ್ಟಿ ಬಿಟ್ಟರೂ ದಡ ಸೇರಬಹುದೆಂಬ ಧೈರ್ಯ. ಒಳನಾಡಿನ ಮೀನುಗಾರರ ಜೀವಕ್ಕೆ ಎರವಾಗುತ್ತಿರುವುದು ಈ ಸಲಿಗೆಯೇ.

ಹರಿಗೋಲು ಹೇಗೆ ಮಗುಚುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ, ಅಡಿಗಟ್ಟೂ ಇಲ್ಲ. ತಳ ಅಗಲವಾಗಿರುವುದರಿಂದ ಭಾರ ನಡುವೆ ಇರುವಷ್ಟು ಹೊತ್ತು ತಟ್ಟೆಯಂತೆ ನಿಂತಿರುತ್ತದೆ. ಬೆಳಗಿನ ಜಾವ ಬಲೆ ಎತ್ತುವಾಗ ಅದು ನೀರೊಳಗಿನ ಮರದ ಬೊಡ್ಡೆಗೆ ಸಿಕ್ಕಿಕೊಂಡಿತೆನ್ನಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು ಲಿಂಗನಮಕ್ಕಿ, ಕಬಿನಿಯ ತಳದಲ್ಲಿ ಇಂದಿಗೂ ನಿಂತಿದೆ, ಬೇಸಿಗೆಯಲ್ಲಿ ನೀರಿಳಿದಾಗ ಆ ಒಣ ಕೊಂಬೆಗಳು ತಲೆ ಎತ್ತುತ್ತವೆ. ಸಾವಿರಾರು ರೂಪಾಯಿಯ ಬಲೆ ಹರಿಯಬಾರದಲ್ಲ, ಮೀನುಗಾರ ಎದ್ದು ನಿಂತು ಒಂದೇ ಬದಿಗೆ ಬಾಗಿ ಜಗ್ಗುತ್ತಾನೆ. ಜೊತೆಗಾರನೂ ಕೈ ಹಾಕಲೆಂದು ಅದೇ ಬದಿಗೆ ಬರುತ್ತಾನೆ. ಅಂಚು ನೀರಿಗೆ ತಾಗುತ್ತದೆ, ನೀರು ಒಳನುಗ್ಗುತ್ತದೆ, ಆಮೇಲೆ ಯೋಚಿಸಲು ಸಮಯವೇ ಇರುವುದಿಲ್ಲ. ಬಿದ್ದವರ ಕಾಲಿಗೆ ಸುತ್ತಿಕೊಳ್ಳುವುದು ಅವರೇ ಬಿಟ್ಟ ಬಲೆ.

ದೊಡ್ಡ ದೋಣಿಗೂ ಇದೇ ಲೆಕ್ಕ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಸರೋವರದಲ್ಲಿ ‘ಜಲಕನ್ಯಕಾ’ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದ್ದರು. ಅಲ್ಲಿ ಪ್ರಾಣಿ ನೋಡುವ ಆತುರ, ಇಲ್ಲಿ ಬಲೆ ಉಳಿಸಿಕೊಳ್ಳುವ ಆತುರ.

ಇನ್ನು ಗಾಳಿ. ತುಂಗಭದ್ರಾ ಜಲಾಶಯ ತುಂಬಿದಾಗ ನೀರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ತಡೆಯಿಲ್ಲದ ಬಯಲಿನಲ್ಲಿ ಗಾಳಿ ಎಷ್ಟು ದೂರ ಓಡಿ ಬರುತ್ತದೋ ಅಲೆ ಅಷ್ಟು ಎತ್ತರಕ್ಕೆ ಏಳುತ್ತದೆ. ಹೊರಟ ದಡದ ಮರೆಯಲ್ಲಿ ನೀರು ಕನ್ನಡಿಯಂತಿದ್ದರೂ ನಡುನೀರಿನಲ್ಲಿ ಹುಟ್ಟು ಹಿಡಿತಕ್ಕೆ ಬಾರದಂತಿರಬಹುದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗಂತೂ ಮಧ್ಯಾಹ್ನದವರೆಗೆ ಸುಳಿವೇ ಇರುವುದಿಲ್ಲ. ಸಂಜೆ ಮೋಡ ಕವಿದು ಗುಡುಗು ಸಿಡಿಲು ಶುರುವಾದರೆ ಅಷ್ಟಗಲದ ನೀರಿನ ಮೇಲೆ ಎತ್ತರಕ್ಕಿರುವುದು ಹರಿಗೋಲಿನಲ್ಲಿರುವ ಮನುಷ್ಯನೊಬ್ಬನೇ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ, ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ ಎಂದರ್ಥ. ಆಗ ಬಲೆ ಅಲ್ಲೇ ಇರಲಿ, ದಡಕ್ಕೆ ತಿರುಗಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿದ್ದರೆ ಹೊರಡುವ ಮುಂಚೆಯೇ ಒಮ್ಮೆ ನೋಡಿಕೊಳ್ಳಬಹುದು.

ಆದರೆ ಮೀನು ಹಿಡಿಯುವ ಕೆಲಸವೇ ಕಣ್ಣನ್ನು ಒಂದೇ ಕಡೆ ಕಟ್ಟಿಹಾಕುವಂಥದ್ದು. ನೋಟ ತೇಲಿನ ಮೇಲೆ, ಬೆನ್ನು ಗಾಳಿಗೆ. ಗಾಳ ಹಾಕಿ ಕೂತವರಂತೂ ತುದಿ ಅಲುಗಿದರೆ ಜಗತ್ತನ್ನೇ ಮರೆಯುತ್ತಾರೆ. ಇದರ ಮೇಲೆ ರಾತ್ರಿಯ ನಿದ್ದೆಗೇಡು. ಚಳಿಗೆಂದು ಎರಡು ಗುಟುಕು ಹಾಕಿಕೊಂಡವರಿದ್ದರಂತೂ ಮುಗಿಯಿತು. ದೋಣಿ ಅಪಘಾತಗಳ ಲೆಕ್ಕವನ್ನು ವರ್ಷವರ್ಷವೂ ಕಟ್ಟುನಿಟ್ಟಾಗಿ ಇಡುವ ಅಮೆರಿಕದ ಕೋಸ್ಟ್ ಗಾರ್ಡ್ ವರದಿಗಳಲ್ಲಿ ಅಪಘಾತದ ಕಾರಣಗಳ ಪಟ್ಟಿಯ ಮೇಲುಗಡೆಯೇ ಕಾಣುವುದು ನಡೆಸುವವನ ಗಮನ ತಪ್ಪಿದ್ದು. ಸಾವಿನ ಕಾರಣಗಳಲ್ಲಿ ಮುಂದಿರುವುದು ಕುಡಿತ. 2023ರಲ್ಲಿ ಅಲ್ಲಿ 564 ಜನ ಸತ್ತರು. ಸಾವಿನ ಕಾರಣ ಗೊತ್ತಾದವರಲ್ಲಿ ಮುಕ್ಕಾಲು ಪಾಲು ಮುಳುಗಿ ಸತ್ತವರು. ಹೀಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ಹಾಕಿರಲಿಲ್ಲ.

‘ನಮಗೆ ಈಜು ಬರುತ್ತದೆ’ ಎಂಬುದು ಜಾಕೆಟ್ ಬೇಡವೆನ್ನುವವರ ಮೊದಲ ಮಾತು. ಬರುತ್ತದೆ, ನಿಜ. ಹರಿಗೋಲಿನ ಅಂಚು ತಲೆಗೆ ಬಡಿದವನಿಗೆ, ಬಲೆ ಕಾಲಿಗೆ ಸುತ್ತಿದವನಿಗೆ, ಕತ್ತಲಲ್ಲಿ ದಡ ಯಾವ ಕಡೆ ಎಂದು ತೋಚದವನಿಗೆ ಆ ಈಜು ಎಷ್ಟು ಹೊತ್ತಿಗೆ ಆದೀತು? ಮನುಷ್ಯನ ಮೈ ನೀರಿನಲ್ಲಿ ಅರೆಬರೆ ತೇಲುವಂಥದ್ದೇ. ತಲೆ ಮೇಲಿರಲು ಹೊರಗಿನಿಂದ ಬೇಕಾಗುವ ಆಸರೆ ಮೂರರಿಂದ ಐದೂವರೆ ಕಿಲೋದಷ್ಟು. ಜಾಕೆಟ್ ಕೊಡುವುದು ಅಷ್ಟನ್ನು, ಅದೂ ಈಜಲಾಗದವನಿಗೂ.

ಜಾಕೆಟ್ಟಿನ ಗುಂಡಿ, ಪಟ್ಟಿಗಳು ಬಲೆಯ ಕಣ್ಣಿಗೆ ಸಿಕ್ಕಿಹಾಕಿಕೊಳ್ಳುತ್ತವೆ ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. ಬಲೆ ಬಿಡುವವನ ಕೈಗೆ ಅದು ದೊಡ್ಡ ತೊಡಕು. ಹಾಗೆಂದೇ ಪ್ರವಾಸಿಗರಿಗೆ ಕೊಡುವ ಇಳಿಬಿಟ್ಟ ಪಟ್ಟಿಗಳ ಜಾಕೆಟ್ ಇವರಿಗೆ ಆಗುವುದಿಲ್ಲ. ಜಿಪ್ ಇರುವ, ಮೈಗೆ ಅಂಟಿಕೊಳ್ಳುವ, ತೋಳು ಸರಾಗವಾಗಿ ಆಡುವಂಥದ್ದು ಬೇಕು. ಸೊಂಟದಲ್ಲಿ ಬಲೆ ಕೊಯ್ಯಲು ಒಂದು ಹರಿತವಾದ ಚಾಕು ಇರಬೇಕು. ಕೂರಲು ಮೆತ್ತಗಿದೆ ಎಂದು ಜಾಕೆಟ್ಟನ್ನು ಕೆಳಗೆ ಹಾಸಿಕೊಂಡರೆ ಮಗುಚಿದಾಗ ಅದು ಒಂದು ಕಡೆ, ಮನುಷ್ಯ ಒಂದು ಕಡೆ.

2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗದ ಹಾಡೋನಹಳ್ಳಿ ಬಳಿ ಗಣಪತಿ ಬಿಡಲು ಹೋದವರ ತೆಪ್ಪ ಹೊಳೆಯಲ್ಲಿ ಮಗುಚಿ 12 ಯುವಕರು ಹೋದರು. ಇಡೀ ರಾಜ್ಯ ಮರುಗಿತು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ದೇಶವೇ ಕೇಳಿತು, ಎಲ್ಲರಿಗೂ ಜಾಕೆಟ್ ಯಾಕಿರಲಿಲ್ಲ ಎಂದು. ಮೀನುಗಾರ ಹೀಗೆ ಗುಂಪಾಗಿ ಸಾಯುವುದಿಲ್ಲ. ಒಬ್ಬೊಬ್ಬನಾಗಿ, ನಸುಕಿನಲ್ಲಿ, ನೋಡುವವರಿಲ್ಲದ ಕಡೆ ಸಾಯುತ್ತಾನೆ. ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ, ಮಾರನೆಯ ಸಂಜೆ ಅದೇ ದಡದಿಂದ ಉಳಿದ ಹರಿಗೋಲುಗಳು ಹಿಂದಿನಂತೆಯೇ ಹೊರಡುತ್ತವೆ.

ಮೀನುಗಾರ ಅಪಘಾತದಲ್ಲಿ ಸತ್ತರೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ವಿಮೆಯಲ್ಲಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಉಂಟು. ಅದು ಸಿಗಬೇಕಾದದ್ದೇ. ಆದರೆ ಸಾಧಾರಣ ಜಾಕೆಟ್ಟೊಂದರ ಬೆಲೆ ಸಾವಿರ ರೂಪಾಯಿಯ ಆಸುಪಾಸು. ಸಹಾಯಧನದಲ್ಲಿ ಹರಿಗೋಲು, ಬಲೆ ಕೊಡುವ ಸರ್ಕಾರಕ್ಕೆ ಅದರ ಜೊತೆಗೇ ಎರಡು ಜಾಕೆಟ್ ಇಡುವುದು ಹೊರೆಯಾಗಲಾರದು. ಹುಟ್ಟಿನಿಂದ ನಡೆಯುವ ದೋಣಿಗಳ ದಾಖಲಾತಿಯನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಮಾಡಿಸಲು 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ದಾರಿ ಇದೆ. ಜಲಾಶಯದಲ್ಲಿ ಬಲೆ ಬಿಡಲು ಪರವಾನಗಿ ಕೊಡುವಾಗ ಜಾಕೆಟ್ ಇದೆಯೇ ಎಂದು ಮೀನುಗಾರಿಕೆ ಇಲಾಖೆ ಕೇಳಬೇಕು. ಮೀನುಗಾರರ ಸಹಕಾರ ಸಂಘಗಳು ಇದನ್ನು ತಮ್ಮ ಬೇಡಿಕೆಯಾಗಿಯೇ ಎತ್ತಿಕೊಳ್ಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ಮೀನುಗಾರರ ಮನೆಯವರೇ, ಮುಚ್ಚಳ ಬಿಗಿದ ಐದು ಲೀಟರಿನ ಎರಡು ಖಾಲಿ ಕ್ಯಾನುಗಳನ್ನು ಹಗ್ಗದಲ್ಲಿ ಜೋಡಿಸಿ ಹರಿಗೋಲಿನಲ್ಲಿ ಕೈಗೆಟುಕುವಂತೆ ಇಡಿಸಿ. ಅದು ಜಾಕೆಟ್ಟಿಗೆ ಸಾಟಿಯಲ್ಲ, ಆದರೂ ಅಪ್ಪಿಕೊಂಡವನನ್ನು ತೇಲಿಸುತ್ತದೆ. ಯಾವ ದಿಕ್ಕಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಇಂದು ಸಂಜೆ ಹೊರಡುವ ಮುನ್ನ ಕೇಳಿಟ್ಟುಕೊಳ್ಳಿ. ಹೇಳಿದ ಹೊತ್ತು ಮೀರಿದರೆ ಬೆಳಕು ಹರಿಯುವವರೆಗೆ ಕಾಯದೆ ದಡಕ್ಕೆ ಜನ ಕರೆದುಕೊಂಡು ಹೋಗಿ.