ಚೊಚ್ಚಲ ವರ್ಷದ ಲೆಕ್ಕ

1959ರ ಅಕ್ಟೋಬರ್ 24ರ ರಾತ್ರಿ ನ್ಯೂಯಾರ್ಕ್ ನಗರದ ಅಂಕಣದಲ್ಲಿ ಏಳು ಅಡಿ ಒಂದು ಅಂಗುಲ ಎತ್ತರದ ತರುಣನೊಬ್ಬನು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿ ಪ್ರಥಮ ಬಾರಿಗೆ ಕಣಕ್ಕಿಳಿದನು. ಆಟ ಮುಗಿಯುವ ವೇಳೆಗೆ ಅವನೊಬ್ಬನೇ 43 ಅಂಕಗಳನ್ನು ಗಳಿಸಿದ್ದನು. ವಿಲ್ಟ್ ಚೇಂಬರ್ಲೇನನಿಗೆ ಅದು ಒಂದಿರುಳಿನ ಅದೃಷ್ಟವಾಗಿರಲಿಲ್ಲ. ಫಿಲಡೆಲ್ಫಿಯ ವಾರಿಯರ್ಸ್ ತಂಡದ ಪರವಾಗಿ ಆ ಋತುವಿನುದ್ದಕ್ಕೂ ಆಡಿ, ಆಟವೊಂದಕ್ಕೆ ಸರಾಸರಿ 37.6ರಂತೆ ಅಂಕಗಳನ್ನು ಕಲೆಹಾಕಿದನು. ಮರುವರ್ಷ ಆಸ್ಕರ್ ರಾಬರ್ಟ್‌ಸನ್ ತನ್ನ ಚೊಚ್ಚಲ ಋತುವಿನಲ್ಲಿ 30.5ನ್ನೂ, ಅದರ ಮರುವರ್ಷ ವಾಲ್ಟ್ ಬೆಲ್ಲಮಿ 31.6ನ್ನೂ ಮುಟ್ಟಿದರು.

ಈಗಿನ ಸ್ಥಿತಿಯನ್ನು ನೋಡಿದರೆ ಇವು ಪುರಾಣದ ಸಂಖ್ಯೆಗಳಂತೆ ಕಾಣುತ್ತವೆ. 2023–24ರಲ್ಲಿ ಜಗತ್ತೇ ಕಣ್ಣರಳಿಸಿ ನೋಡಿದ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ ತನ್ನ ಮೊದಲ ವರ್ಷದಲ್ಲಿ ಗಳಿಸಿದ ಸರಾಸರಿ 21.4. ಮರುವರ್ಷ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿಗೆ ಪಾತ್ರನಾದ ಸ್ಟೀಫನ್ ಕ್ಯಾಸಲನದು ಕೇವಲ 14.7. ಹುಡುಗರಲ್ಲಿ ಕಸುವು ಕುಂದಿತೆ? ಅಮೆರಿಕದ ಹಿರಿಯ ಪ್ರೇಕ್ಷಕರು ಹಾಗೆಂದೇ ತಲೆ ಕೊಡವುವುದುಂಟು. ಹಿರಿಯರು ತಲೆ ಕೊಡವುವುದು ಒಂದು ದೇಶಕ್ಕೆ ಸೀಮಿತವಾದ ವಿದ್ಯೆಯೇನೂ ಅಲ್ಲ!

ಇದಕ್ಕೆ ಸಾಮಾನ್ಯವಾಗಿ ಹೇಳುವ ಸಮಾಧಾನವೊಂದಿದೆ. ಅಂದಿನ ಆಟ ಬಹಳ ಚುರುಕಿನದು. 1954ರಲ್ಲಿ ಬಂದ ನಿಯಮದ ಪ್ರಕಾರ ಚೆಂಡು ಕೈಗೆ ಸಿಕ್ಕಿದ ತಂಡ 24 ಸೆಕೆಂಡುಗಳೊಳಗಾಗಿ ಅದನ್ನು ಬುಟ್ಟಿಯತ್ತ ಎಸೆಯಲೇಬೇಕು; ಆಟಗಾರರಾದರೋ ಅಷ್ಟು ಹೊತ್ತು ಕಾಯುವ ತಾಳ್ಮೆಯನ್ನೂ ತೋರುತ್ತಿರಲಿಲ್ಲ. 1961–62ರಲ್ಲಿ ಒಂದೊಂದು ತಂಡವೂ ಆಟಕ್ಕೆ ಸರಾಸರಿ 107 ಸಲಕ್ಕೂ ಹೆಚ್ಚು ಬುಟ್ಟಿಗೆ ಗುರಿಯಿಡುತ್ತಿದ್ದಿತು, ಸುಮಾರು 119 ಅಂಕಗಳನ್ನು ಗಳಿಸುತ್ತಿದ್ದಿತು. 2003–04ರ ಹೊತ್ತಿಗೆ ಎಸೆತಗಳು 80ಕ್ಕೂ ಅಂಕಗಳು 93ಕ್ಕೂ ಇಳಿದಿದ್ದವು. ಬಾವಿಯಲ್ಲಿ ನೀರೇ ತಗ್ಗಿದಾಗ ಹೊಸ ಕೊಡಕ್ಕೆ ಎಷ್ಟು ದಕ್ಕೀತು?

ಈ ಸಮಾಧಾನ ಸುಳ್ಳಲ್ಲ, ಆದರೆ ಸಾಲದು. ಏಕೆಂದರೆ ನೀರು ಮತ್ತೆ ಏರಿದೆ. ಮೂರು ಅಂಕಗಳ ದೂರದ ಎಸೆತದ ಮಹಿಮೆಯಿಂದ 2023–24ರಲ್ಲಿ ತಂಡಗಳ ಸರಾಸರಿ 114ನ್ನು ದಾಟಿತು. ಹೊಸಬರ ಗಳಿಕೆ ಮಾತ್ರ ಅದರೊಂದಿಗೆ ಏರಲಿಲ್ಲ. ಆದುದರಿಂದ ಕಾರಣವನ್ನು ಆಟದಂಗಳದ ಹೊರಗೆ, ಆಟಗಾರನ ಜನ್ಮದಿನಾಂಕದಲ್ಲಿ ಹುಡುಕಬೇಕಾಗುತ್ತದೆ.

ಚೇಂಬರ್ಲೇನ್ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಬಿಟ್ಟುದು 1958ರಲ್ಲಿ. ಆಗಲೇ ಅವನನ್ನು ತಡೆಯಬಲ್ಲವರಿರಲಿಲ್ಲ. ಆದರೂ ಎನ್.ಬಿ.ಎ. ಎಂದು ಖ್ಯಾತವಾದ ವೃತ್ತಿಪರ ಸಂಘದ ಬಾಗಿಲು ಅವನಿಗೆ ತೆರೆಯಲಿಲ್ಲ. ಪ್ರೌಢಶಾಲೆಯನ್ನು ಮುಗಿಸಿ ನಾಲ್ಕು ವರ್ಷ ಕಳೆಯದವನನ್ನು ಯಾವ ತಂಡವೂ ಸೇರಿಸಿಕೊಳ್ಳಕೂಡದೆಂಬುದು ಅಂದಿನ ಕಟ್ಟಳೆ. ಹೀಗಾಗಿ ಅವನು ಒಂದು ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ವಿನೋದದ ಸಂಚಾರಿ ತಂಡದೊಡನೆ ಊರೂರು ಸುತ್ತಿ ಕಾಲ ಹಾಕಬೇಕಾಯಿತು. ನ್ಯೂಯಾರ್ಕಿನಲ್ಲಿ ಕಣಕ್ಕಿಳಿದಾಗ ಅವನಿಗೆ 23 ತುಂಬಿತ್ತು. ರಾಬರ್ಟ್‌ಸನ್ ಹಾಗೂ ಬೆಲ್ಲಮಿ ಇಬ್ಬರೂ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಬಂದವರು. ಅನಂತರ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ 22ನೆಯ ವಯಸ್ಸಿನಲ್ಲಿ, ಕಾಲೇಜಿಗೆ ಮೂರು ಬಾರಿ ರಾಷ್ಟ್ರ ಪ್ರಶಸ್ತಿಯನ್ನು ತಂದುಕೊಟ್ಟ ಮೇಲೆ, 1969ರಲ್ಲಿ ವೃತ್ತಿಗೆ ಬಂದು 28.8ರ ಸರಾಸರಿಯನ್ನು ಸಾಧಿಸಿದನು. ಇವರನ್ನು ಹೊಸಬರೆನ್ನುವುದು ಮಾತಿಗಷ್ಟೆ. ಹತ್ತಾರು ಕಚೇರಿಗಳಲ್ಲಿ ಹಾಡಿ ಪಳಗಿದ ಗಾಯಕನು ರಾಜಧಾನಿಯ ಸಭೆಯಲ್ಲಿ ಮೊದಲ ಸಲ ಕುಳಿತಂತೆ ಅವರ ಪ್ರವೇಶ.

ಆ ಕಟ್ಟಳೆಯನ್ನು ಮುರಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪಿಯ ಸಿಲ್ವರ್ ಸಿಟಿಯೆಂಬ ಹಳ್ಳಿಯವನು. ಹತ್ತು ಮಕ್ಕಳ ಸಂಸಾರ. ಬಾಲ್ಯದಲ್ಲಿ ತಾಯಿಯೊಡನೆ ಹತ್ತಿ ಬಿಡಿಸಿದವನು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಚಿನ್ನ ತಂದರೂ ಮನೆಯ ಬಡತನ ಹಾಗೆಯೇ ಇತ್ತು. ಕಾಲೇಜಿನ ಎರಡೇ ವರ್ಷಗಳಿಗೆ ಮಂಗಳ ಹಾಡಿ, ಪ್ರತಿಸ್ಪರ್ಧಿ ಸಂಘವೊಂದರಲ್ಲಿ ಡೆನ್ವರ್ ತಂಡವನ್ನು ಸೇರಿ 30 ಅಂಕಗಳ ಸರಾಸರಿಯಲ್ಲಿ ಆಡಿದನು. ಅಲ್ಲಿಂದ ಎನ್.ಬಿ.ಎ.ಯ ಸಿಯಾಟಲ್ ತಂಡಕ್ಕೆ ಬಂದಾಗ ಸಂಘ ನಾಲ್ಕು ವರ್ಷಗಳ ನಿಯಮವನ್ನು ಮುಂದೊಡ್ಡಿತು. ದುಡಿದು ತಾಯಿಯನ್ನು ಸಾಕಬಲ್ಲ ಮಗನಿಗೆ ದುಡಿಯಬೇಡವೆನ್ನಲು ಇವರಾರು ಎಂಬ ಪ್ರಶ್ನೆ 1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನ್ಯಾಯಾಲಯ ಹೇವುಡ್‌ನ ಪರವಾಗಿ ನಿಂತಿತು. ಆ ಬಳಿಕ ಬಡತನದ ಕಾರಣ ತೋರಿಸಿದವರಿಗೂ, ಕೆಲವೇ ವರ್ಷಗಳಲ್ಲಿ ಅಪೇಕ್ಷಿಸಿದವರಿಗೆಲ್ಲ, ಬಾಗಿಲು ತೆರೆಯಿತು. ನ್ಯಾಯವೇ ಆಯಿತೆನ್ನಬೇಕು. ಆದರೆ ‘ಮೊದಲ ವರ್ಷ’ ಎಂಬ ಶಬ್ದದ ಅರ್ಥ ಅಂದಿನಿಂದ ಸದ್ದಿಲ್ಲದೆ ಬದಲಾಗತೊಡಗಿತು.

ಬದಲಾವಣೆ ಒಮ್ಮೆಗೇ ಬರಲಿಲ್ಲ. 1984ರಲ್ಲಿ ಬಂದ ಮೈಕೇಲ್ ಜೋರ್ಡನ್ ಮೂರು ವರ್ಷ ಕಾಲೇಜಿನಲ್ಲಿ ಆಡಿ ಬಂದವನೇ. ಅವನ ಮೊದಲ ವರ್ಷದ ಸರಾಸರಿ 28.2. ಪ್ರವಾಹ ನಿಜವಾಗಿ ತಿರುಗಿದುದು 1995ರಲ್ಲಿ, ಕೆವಿನ್ ಗಾರ್ನೆಟ್ ಶಾಲೆಯಿಂದ ನೆಟ್ಟಗೆ ವೃತ್ತಿಗೆ ಬಂದಾಗ. ಅವನು ಗಳಿಸಿದುದು 10.4. ಮರುವರ್ಷ ಅದೇ ದಾರಿ ಹಿಡಿದ ಕೋಬಿ ಬ್ರಯಂಟ್ ಹದಿನೆಂಟರ ಹುಡುಗ, ಗಳಿಕೆ 7.6. ಚೇಂಬರ್ಲೇನ್ 48 ನಿಮಿಷಗಳ ಆಟದಲ್ಲಿ ಸರಾಸರಿ 46 ನಿಮಿಷಕ್ಕೂ ಮಿಗಿಲಾಗಿ ಅಂಗಳದಲ್ಲಿದ್ದರೆ, ಬ್ರಯಂಟನಿಗೆ ದೊರೆತುದು ಹದಿನೈದೂವರೆ ನಿಮಿಷ. ಉಳಿದ ಹೊತ್ತು ಬೆಂಚಿನ ಮೇಲೆ ಕುಳಿತು ಹಿರಿಯರ ಆಟ ನೋಡುವ ಪಾಠ! 2005ರ ಒಪ್ಪಂದ ಕನಿಷ್ಠ ವಯಸ್ಸನ್ನು 19ಕ್ಕೆ ಏರಿಸಿ, ಅಮೆರಿಕದ ಹುಡುಗರು ಶಾಲೆಯ ಬಳಿಕ ಒಂದು ವರ್ಷ ಕಾಯಬೇಕೆಂದಿತು. ಅಷ್ಟೆ. ಹೊಸಬರ ಸಂಬಳವನ್ನು 1995ರಿಂದ ಒಂದು ಮಾನಕ್ಕೆ ಕಟ್ಟಿಹಾಕಿರುವುದರಿಂದ ದೊಡ್ಡ ಹಣ ಕೈಸೇರುವುದು ಎರಡನೆಯ ಕರಾರಿನಲ್ಲಿ. ಕಾಲೇಜಿನಲ್ಲಿ ಕಳೆದ ಒಂದೊಂದು ವರ್ಷವೂ ಅದನ್ನು ಅಷ್ಟು ದೂರ ತಳ್ಳುತ್ತದೆ. ಮನೆಯ ಯಜಮಾನರಾರೂ ಈ ಲೆಕ್ಕವನ್ನು ತಪ್ಪೆನ್ನಲಾರರು.

ಇದರ ಫಲ ವಿಚಿತ್ರವಾದುದು. ಹಿಂದೆ ಪ್ರತಿಭೆಯೂ ಪಕ್ವತೆಯೂ ಒಂದೇ ಬಾಗಿಲಿನಿಂದ ಕೈಹಿಡಿದು ಬರುತ್ತಿದ್ದವು. ಈಗ ಮಹಾಪ್ರತಿಭಾವಂತರು ಹತ್ತೊಂಬತ್ತಕ್ಕೇ ಬಂದುಬಿಡುತ್ತಾರೆ. ನಾಲ್ಕು ವರ್ಷ ಕಲಿತು ಬರುವವರು ಬಹುಮಟ್ಟಿಗೆ ಮೊದಲೇ ಯಾರ ಕಣ್ಣಿಗೂ ಬೀಳದವರು. 24ನೆಯ ವಯಸ್ಸಿನಲ್ಲಿ ಅತ್ಯುತ್ತಮ ಹೊಸಬನೆನಿಸಿದ ಮಾಲ್ಕಂ ಬ್ರಾಗ್ಡನ್ 2016–17ರಲ್ಲಿ ಗಳಿಸಿದ ಸರಾಸರಿ 10.2, ಆಯ್ಕೆಯ ಪಟ್ಟಿಯಲ್ಲಿ ಅವನ ಸ್ಥಾನ 36ನೆಯದು. ಸ್ಲೊವೇನಿಯದ ಲೂಕಾ ಡಾನ್ಚಿಚ್ ಹತ್ತೊಂಬತ್ತರಲ್ಲೇ 21.2ರ ಸರಾಸರಿಯಲ್ಲಿ ಆಡಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಆಡಿದನು, ನಿಜ, ಆದರೆ ಅವನು ಹದಿನಾರರಿಂದಲೇ ಮ್ಯಾಡ್ರಿಡ್‌ನ ವೃತ್ತಿಪರ ತಂಡದಲ್ಲಿ ಬೆಂದು ಬಂದವನು.

ವಯಸ್ಸಿಗೆ ವಯಸ್ಸನ್ನು ಸರಿಹೊಂದಿಸಿ ತೂಗಿದರೆ ತಕ್ಕಡಿ ಬೇರೆ ಕತೆ ಹೇಳುತ್ತದೆ. ಶಾಲೆಯಿಂದ ನೇರವಾಗಿ ಬಂದ ಲೆಬ್ರಾನ್ ಜೇಮ್ಸ್ ಮೊದಲ ವರ್ಷ ಗಳಿಸಿದುದು 20.9, ಜೋರ್ಡನನಿಗಿಂತ ಎಷ್ಟೋ ಕಡಿಮೆ. ಆದರೆ ಜೋರ್ಡನ್ ವೃತ್ತಿಗೆ ಕಾಲಿಟ್ಟ 21ರ ವಯಸ್ಸಿಗೆ ಬರುವಾಗ ಜೇಮ್ಸನ ಸರಾಸರಿ 31.4. ಕೆವಿನ್ ಡ್ಯುರಾಂಟ್ ಮೊದಲ ವರ್ಷ 20.3ರಲ್ಲಿದ್ದವನು, 2009–10ರಲ್ಲಿ, ಅದೇ 21ರ ಪ್ರಾಯದಲ್ಲಿ, 30.1ರೊಂದಿಗೆ ಇಡೀ ಸಂಘಕ್ಕೇ ಅಗ್ರಗಣ್ಯನಾದನು. ಆದರೆ ಅದು ಅವನ ಮೂರನೆಯ ವರ್ಷ. ಚೊಚ್ಚಲ ವರ್ಷದ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ.

ಇಂಥ ಎರಡನೆಯ ಅವಕಾಶ ಎಲ್ಲರಿಗೂ ಸಿಗುವುದಿಲ್ಲವೆಂಬುದೇ ಕಹಿಯಾದ ಮಾತು. ಒಂದೇ ವರ್ಷ ಕಾಲೇಜಿನಲ್ಲಿ ಆಡಿದ ಕೆನಡದ ಆಂಟನಿ ಬೆನೆಟ್ 2013ರ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲನೆಯವನು. ಚೊಚ್ಚಲ ವರ್ಷದಲ್ಲಿ ಅವನ ಸರಾಸರಿ 4.2. ವರ್ಷ ತುಂಬುವ ಮೊದಲೇ ಪತ್ರಿಕೆಗಳು ಅವನಿಗೆ ವಿಫಲನೆಂಬ ಹಣೆಪಟ್ಟಿಯನ್ನು ಅಂಟಿಸಿದ್ದವು, ಮರುವರ್ಷ ತಂಡ ಅವನನ್ನು ಬೇರೆಯವರಿಗೆ ದಾಟಿಸಿತು. ಎನ್.ಬಿ.ಎ.ಯಲ್ಲಿ ಅವನ ಕೊನೆಯ ಆಟ ಮುಗಿದಾಗ ಅವನಿಗಿನ್ನೂ 23 ವರ್ಷ. ಚೇಂಬರ್ಲೇನ್ ತನ್ನ ಮೊದಲನೆಯ ಆಟವನ್ನು ಆಡಿದ ವಯಸ್ಸು ಅದು.