ಯಂತ್ರದೊಳಗಿನ ಆಜ್ಞೆ ಮತ್ತು ಮಾನವನ ಹೊಣೆ

ಗಣಕಯಂತ್ರವು ಶಾಲೆಗಳ ಕಚೇರಿಯನ್ನು ಪ್ರವೇಶಿಸಿ ದಶಕಗಳೇ ಸಂದಿವೆ. ಆದರೂ ಪರೀಕ್ಷೆಗಳು ಮುಗಿದೊಡನೆ ಅನೇಕ ಕಡೆ ಕಾಣಬರುವ ದೃಶ್ಯವೊಂದುಂಟು. ಎಕ್ಸೆಲ್ ಕೋಷ್ಟಕದಲ್ಲಿ ಆಗಲೇ ನಮೂದಾಗಿರುವ ಅಂಕಗಳನ್ನು ಒಬ್ಬ ಅಧ್ಯಾಪಕರು ಓದಿ ಹೇಳುತ್ತಾರೆ. ಮತ್ತೊಬ್ಬರು ಅವನ್ನೇ ವರ್ಡ್ ತಂತ್ರಾಂಶದ ಅಂಕಪಟ್ಟಿಯಲ್ಲಿ ಪುನಃ ಬೆರಳಚ್ಚು ಮಾಡುತ್ತಾರೆ. ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿರುವ ಎರಡು ತಂತ್ರಾಂಶಗಳ ನಡುವೆ ಮನುಷ್ಯನೇ ಓಲೆಕಾರನಾಗಿ ಓಡಾಡುವುದು ವಿಚಿತ್ರವಾದರೂ ಸತ್ಯ.

ಈ ಓಡಾಟ ಅನಾವಶ್ಯಕವೆಂಬುದನ್ನು ತಜ್ಞರು ಬಹು ಹಿಂದೆಯೇ ಮನಗಂಡಿದ್ದರು. ೧೯೮೭ರಲ್ಲಿ ಹೊರಬಂದ ವಿಂಡೋಸ್‌ನ ಎರಡನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಡಿಡಿಇ ಎಂಬ ಏರ್ಪಾಡನ್ನು ಕಲ್ಪಿಸಿತು. ಅದರ ಕ್ರಮ ಸರಳವಾದುದು. ಒಂದು ತಂತ್ರಾಂಶವು ಮತ್ತೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಯಾವ ಕಡತದ ಮಾತೆಂದು ತಿಳಿಸುತ್ತದೆ. ಅದರೊಳಗಿನ ಯಾವ ಅಂಶ ಬೇಕೆಂದು ಕೇಳುತ್ತದೆ. ಕೇಳುವುದಷ್ಟೇ ಅಲ್ಲ, ಇಂಥ ಕೆಲಸವನ್ನು ಮಾಡೆಂದು ಆಜ್ಞಾಪಿಸಲೂ ಬಲ್ಲುದು. ೧೯೯೩ರಲ್ಲಿ ಆಪಲ್ ಸಂಸ್ಥೆಯು ಆಡುಮಾತಿನ ಇಂಗ್ಲಿಷನ್ನು ಹೋಲುವ ಆಪಲ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಇದೇ ಉದ್ದೇಶಕ್ಕಾಗಿ ನೀಡಿತು. ಅದೇ ವರ್ಷ ಎಕ್ಸೆಲ್‌ನ ಐದನೆಯ ಆವೃತ್ತಿಯೊಡನೆ ವಿಬಿಎ ಭಾಷೆಯೂ ಬಂದಿತು. ಅಂದಿನಿಂದ ಕೋಷ್ಟಕದಿಂದ ಅಂಕಗಳನ್ನು ತೆಗೆದು ಪ್ರತಿಯೊಬ್ಬ ವಿದ್ಯಾರ್ಥಿಯ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಕೆಲವೇ ಸಾಲುಗಳ ಆಜ್ಞೆ ಸಾಕಾಗಿದೆ.

ಆದರೆ ಆಜ್ಞೆ ಕೊಡುವ ಶಕ್ತಿಯು ಸಜ್ಜನ ದುರ್ಜನರೆಂಬ ಭೇದವನ್ನರಿಯದು. ೧೯೯೯ರ ಮಾರ್ಚ್ ೨೬ರಂದು ಹರಡಲಾರಂಭಿಸಿದ ಮೆಲಿಸ್ಸಾ ಎಂಬ ಪೀಡೆ ಇದಕ್ಕೆ ಜ್ವಲಂತ ನಿದರ್ಶನ. ವರ್ಡ್ ಕಡತವೊಂದರಲ್ಲಿ ಅಡಗಿದ್ದ ಆಜ್ಞೆಯು, ಕಡತವನ್ನು ತೆರೆದೊಡನೆ, ಅಂಚೆಯ ತಂತ್ರಾಂಶವಾದ ಔಟ್‌ಲುಕ್ಕನ್ನು ಎಚ್ಚರಿಸಿ, ವಿಳಾಸಪುಸ್ತಕದ ಮೊದಲ ೫೦ ವಿಳಾಸಗಳಿಗೆ ಯಜಮಾನನ ಹೆಸರಿನಲ್ಲೇ ಪತ್ರ ಕಳುಹಿಸಿತು. ಔಟ್‌ಲುಕ್ ಕೆಟ್ಟಿರಲಿಲ್ಲ, ತನಗೆ ಬಂದ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತಷ್ಟೆ. ಆಜ್ಞೆ ಯಾರದೆಂದು ಅದು ವಿಚಾರಿಸಲಿಲ್ಲ. ಅದನ್ನು ರಚಿಸಿದವನಿಗೆ ೨೦೦೨ರಲ್ಲಿ ಅಮೆರಿಕದ ನ್ಯಾಯಾಲಯವು ೨೦ ತಿಂಗಳ ಸೆರೆವಾಸ ವಿಧಿಸಿತು.

ಸಂಸ್ಥೆಗಳು ಎಚ್ಚೆತ್ತುದು ನಿಧಾನವಾಗಿ. ೨೦೧೭ರ ಡಿಸೆಂಬರಿನಲ್ಲಿ ವರ್ಡ್‌ನಲ್ಲಿ ಡಿಡಿಇ ಸೌಲಭ್ಯವನ್ನು ತಾನಾಗಿ ನಡೆಯದಂತೆ ತಡೆಯಲಾಯಿತು. ೨೦೧೮ರಿಂದ ಆಪಲ್‌ನ ಮ್ಯಾಕ್ ಯಂತ್ರಗಳು, ಒಂದು ತಂತ್ರಾಂಶವು ಮತ್ತೊಂದನ್ನು ನಿಯಂತ್ರಿಸಹೊರಟಾಗ, ಯಜಮಾನನ ಒಪ್ಪಿಗೆಯನ್ನು ಕೇಳತೊಡಗಿದವು. ಅಂತರಜಾಲದಿಂದ ಬಂದ ಕಡತಗಳೊಳಗಿನ ಇಂಥ ಆಜ್ಞೆಗಳನ್ನು ಮೈಕ್ರೋಸಾಫ್ಟ್ ೨೦೨೨ರಲ್ಲಿ ತಡೆಹಿಡಿಯಲಾರಂಭಿಸಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ಓದದೆಯೇ ಸಮ್ಮತಿಯ ಗುಂಡಿಯನ್ನು ಒತ್ತುವವನಿಗೆ ಯಾವ ಕಾವಲೂ ಕಾವಲಾಗಲಾರದು.

ಯಂತ್ರಕ್ಕೆ ಕೆಲಸವನ್ನು ಒಪ್ಪಿಸಿದರೆ ಕಾಯಕನಿಷ್ಠೆ ಕುಂದೀತೆಂದು ಹಿರಿಯರು ಕೆಲವರು ಶಂಕಿಸುವುದುಂಟು. ಶಂಕೆಯ ಹಿಂದಿನ ಕಳಕಳಿ ಗೌರವಾರ್ಹವಾದುದೇ. ಆದರೆ ಶರಣರ ಕಾಯಕತತ್ತ್ವವು ವ್ಯರ್ಥ ಶ್ರಮವನ್ನು ಬೋಧಿಸುವುದಿಲ್ಲ. ಮಾಡಿದ ಕೆಲಸಕ್ಕೆ ಮಾಡಿದವನೇ ಹೊಣೆಯಾಗಬೇಕೆಂಬ ಶುದ್ಧಿಯನ್ನು ಅದು ಬಯಸುತ್ತದೆ. ಮುನ್ನೂರು ಮಕ್ಕಳ ಅಂಕಗಳನ್ನು ಎರಡನೆಯ ಸಲ ಬೆರಳಚ್ಚು ಮಾಡಿ ದಣಿದ ಕೈ ೬೭ನ್ನು ೭೬ ಮಾಡಿದರೆ, ಆ ದಣಿವಿನಿಂದ ಯಾವ ಮಗುವಿಗೂ ನ್ಯಾಯ ಸಲ್ಲದು. ಅಂತೆಯೇ ಯಂತ್ರ ಮುದ್ರಿಸಿದ ಪಟ್ಟಿಯನ್ನು ಮೂಲ ದಾಖಲೆಯೊಡನೆ ತಾಳೆ ನೋಡದೆ ಸಹಿ ಮಾಡುವುದೂ ಕಾಯಕವಲ್ಲ.

ಮತ್ತೆ ಮತ್ತೆ ನಕಲು ಮಾಡುವವನೂ, ಕಣ್ಣು ಮುಚ್ಚಿ ಸಮ್ಮತಿಸುವವನೂ ಒಂದೇ ಅಜ್ಞಾನದ ಎರಡು ಮುಖಗಳು. ಯಂತ್ರದೊಳಗೆ ಯಾರು ಯಾರಿಗೆ ಆಜ್ಞೆ ಕೊಡುತ್ತಿದ್ದಾರೆಂಬುದು ಇಬ್ಬರಿಗೂ ತಿಳಿಯದು. ಆದುದರಿಂದ ಪ್ರೌಢಶಾಲೆಯ ಗಣಕ ಶಿಕ್ಷಣವು ಬೆರಳಚ್ಚಿನಲ್ಲಿಯೇ ಮುಗಿಯಬಾರದು. ಕೋಷ್ಟಕವನ್ನೂ ಪತ್ರವನ್ನೂ ಜೋಡಿಸುವ ಒಂದು ಚಿಕ್ಕ ಪ್ರಯೋಗವನ್ನು ಮಕ್ಕಳಿಂದಲೇ ಮಾಡಿಸಿ, ಆಜ್ಞೆ ಕೊಟ್ಟವರು ಯಾರು, ಪಾಲಿಸಿದವರು ಯಾರು, ಸಮ್ಮತಿ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಅವರು ಉತ್ತರ ಬರೆಯುವಂತಾಗಬೇಕು. ದಾನಿಗಳು ಯಂತ್ರಗಳನ್ನು ಉದಾರವಾಗಿ ನೀಡುತ್ತ ಬಂದಿದ್ದಾರೆ. ಆ ಔದಾರ್ಯದ ಒಂದು ಪಾಲು ಅಧ್ಯಾಪಕರ ತರಬೇತಿಗೂ ಸಂದರೆ, ಕೊಟ್ಟ ಯಂತ್ರ ಸಾರ್ಥಕವಾಗುವುದು.

ಆಜ್ಞೆಯನ್ನು ಯಂತ್ರವು ಯಂತ್ರಕ್ಕೆ ಸಾಗಿಸಲಿ. ಹೊಣೆ ಮಾತ್ರ ಮನುಷ್ಯನಲ್ಲಿಯೇ ಉಳಿಯಲಿ. ಈ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದು ವಿದ್ಯಾಸಂಸ್ಥೆಗಳ ಆದ್ಯ ಕರ್ತವ್ಯವಾಗಿದೆ.